ಅಮೆರಿಕನ್ ಸಾಹಿತ್ಯ ಓದುತ್ತಿರುವ ಮುಂಬಯಿಯ ಕನ್ನಡದ ಮಕ್ಕಳಿಗೆ

ಪ್ರೀತಿಯ ವಿದ್ಯಾರ್ಥಿಗಳೇ,

ಕಳೆದ ಪರೀಕ್ಷೆಯ ದಿನಗಳಲ್ಲಿ ಒಂದು ಬೆಳಿಗ್ಗೆ ಮುಲುಂಡಿನಿಂದ ದಾದರಿಗೆ ಹೊರಟ ಸ್ಲೋ ಲೋಕಲಿನಲ್ಲಿ, ಹೆಂಗಸರ ಡಬ್ಬಿಯಲ್ಲಿ, ನನ್ನ ಎದುರು ಇಬ್ಬರು ಹುಡುಗಿಯರು ಕೂತಿದ್ದರು. ತುಳುವಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಕೈಯಲ್ಲಿ ಜೆರಾಕ್ಸ್ ಹಾಳೆಗಳು. ಒಬ್ಬಳು ಕಣ್ಣು ಮುಚ್ಚಿಕೊಂಡು ಆರ್ಥರ್ ಮಿಲ್ಲರನ ‘ಡೆತ್ ಆಫ್ ಎ ಸೇಲ್ಸ್‌ಮನ್’ ಬಗ್ಗೆ ಎಂಟು ಪಾಯಿಂಟುಗಳನ್ನು ಒಪ್ಪಿಸುತ್ತಿದ್ದಳು, ಇನ್ನೊಬ್ಬಳು ಹಾಳೆ ನೋಡಿ ತಿದ್ದುತ್ತಿದ್ದಳು. ಎಂಟರಲ್ಲಿ ಐದು ಪಾಯಿಂಟುಗಳು ‘ಅಮೆರಿಕನ್ ಡ್ರೀಮ್’ ಎಂಬ ಎರಡು ಪದಗಳಿಂದಲೇ ಶುರುವಾಗುತ್ತಿದ್ದವು. “ನಾಟಕ ಓದಿದಿರಾ?” ಎಂದು ಕೇಳಿದೆ. “ಇಲ್ಲ ಆಂಟಿ, ಟೈಮ್ ಎಲ್ಲುಂಟು? ನೋಟ್ಸ್ ಸಾಕಾಗ್ತದೆ” ಅಂದಳು ಒಪ್ಪಿಸುತ್ತಿದ್ದವಳು. ಹಾಗೇ ಮಾತು ಬೆಳೆಯಿತು. ಅವಳ ಅಪ್ಪ ಔಷಧ ಕಂಪನಿಯೊಂದರ ಮೆಡಿಕಲ್ ರೆಪ್ ಆಗಿದ್ದವರು, ಐವತ್ತೆರಡನೆಯ ವಯಸ್ಸಿಗೆ ಕೆಲಸ ಹೋಗಿದೆ, ಈಗಲೂ ಬೆಳಿಗ್ಗೆ ಬ್ಯಾಗ್ ಹಿಡಿದು ಮನೆಯಿಂದ ಹೊರಡುತ್ತಾರೆ ಎನ್ನುವುದು ರೈಲು ಘಾಟ್‌ಕೋಪರ್ ದಾಟುವ ಹೊತ್ತಿಗೆ ನನಗೆ ತಿಳಿದಿತ್ತು.

ಆ ನಾಟಕ ಆ ಹುಡುಗಿಯ ಮನೆಯಲ್ಲೇ ನಡೆಯುತ್ತಿದೆ. ಅವಳ ಕೈಗೆ ನಾವು ಎಂಟು ಪಾಯಿಂಟು ಕೊಟ್ಟಿದ್ದೇವೆ.

ದಾದರ್ ಬಂತು, ಇಳಿದೆ. ಹೇಳಬೇಕೆಂದದ್ದು ಗಂಟಲಲ್ಲೇ ಉಳಿಯಿತು. ಆ ಇಬ್ಬರಿಗೆ ಹೇಳಲಾಗದ್ದನ್ನು ಈಗ ನಿಮಗೆಲ್ಲ ಬರೆಯುತ್ತಿದ್ದೇನೆ. ಕಲ್ಯಾಣದಿಂದ ಕೊಲಾಬಾದವರೆಗೆ ಎಲ್ಲೆಲ್ಲೋ ಬಿ.ಎ., ಎಂ.ಎ. ತರಗತಿಗಳಲ್ಲಿ ಅಮೆರಿಕನ್ ಸಾಹಿತ್ಯದ ಪೇಪರ್ ತೆಗೆದುಕೊಂಡು ಕೂತಿರುವ ನೀವು ಮನೆಯಲ್ಲಿ ಆಡುವುದು ತುಳುವೋ ಕೊಂಕಣಿಯೋ ಧಾರವಾಡದ ಕನ್ನಡವೋ ಇರಬಹುದು. ನನಗೆ ನೀವೆಲ್ಲ ಕನ್ನಡದ ಮಕ್ಕಳೇ.

ಈ ಪೇಪರನ್ನು ಉಪನಗರದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು. ಆದ್ದರಿಂದ ನೋಟ್ಸಿನ ತಪ್ಪನ್ನು ನಿಮ್ಮ ತಲೆಗೆ ಕಟ್ಟುವುದಿಲ್ಲ. ಸೆಮಿಸ್ಟರಿಗೆ ಇಷ್ಟು ಪಾಠ, ಇಂಟರ್ನಲ್ಸಿಗೆ ಇಷ್ಟು ಅಂಕ ಎಂಬ ಲೆಕ್ಕದಲ್ಲಿ ನಾವು ಮೇಷ್ಟ್ರುಗಳೇ ಪುಸ್ತಕವನ್ನು ಪಾಯಿಂಟು ಮಾಡಿ ಕೊಟ್ಟಿದ್ದೇವೆ. ಆದರೆ ಒಂದು ಮಾತನ್ನು ಅನುಭವದಿಂದ ಹೇಳಬಲ್ಲೆ. ಫ್ರಾಸ್ಟ್, ಫಾಕ್ನರ್, ಮಿಲ್ಲರ್, ಹ್ಯಾನ್ಸ್‌ಬೆರಿ ಇವರನ್ನು ಓದುವುದಕ್ಕೆ ಬೇಕಾದ ಸಾಮಾನು ನಿಮ್ಮ ಮನೆಯಲ್ಲೇ ಇದೆ. ಅದನ್ನು ಬಾಗಿಲಾಚೆ ಬಿಟ್ಟು ಬರಿಗೈಯಲ್ಲಿ ಕ್ಲಾಸಿಗೆ ಬರುತ್ತಿದ್ದೀರಿ.

ಮೊದಲು ಆ ಸೇಲ್ಸ್‌ಮನ್‌ನನ್ನೇ ನೋಡಿ. 1949ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಬಂದ ನಾಟಕ ಅದು. ವಿಲ್ಲಿ ಲೋಮನ್‌ಗೆ 63 ವರ್ಷ. ಪೆಟ್ಟಿಗೆ ಹೊತ್ತು ಊರೂರು ತಿರುಗಿ ಸವೆದವನು. ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಮಿಲ್ಲರ್ ಕೊನೆಯವರೆಗೂ ಹೇಳುವುದಿಲ್ಲ. ಎರಡನೆಯ ಅಂಕದಲ್ಲಿ ಅವನು ತನ್ನ ಯಜಮಾನ ಹೊವಾರ್ಡನ ಹತ್ತಿರ ಹೋಗುತ್ತಾನೆ. ಇನ್ನು ತಿರುಗಲು ಆಗುವುದಿಲ್ಲ, ಊರಲ್ಲೇ ಒಂದು ಕೆಲಸ ಕೊಡು ಎಂದು ಕೇಳುವುದಕ್ಕೆ. ಹೊವಾರ್ಡ್ ಹಳೆಯ ಯಜಮಾನನ ಮಗ, ವಿಲ್ಲಿಯ ಕಣ್ಣೆದುರೇ ಬೆಳೆದವನು. ಅವನು ಹೊಸದಾಗಿ ಕೊಂಡ ರೆಕಾರ್ಡಿಂಗ್ ಯಂತ್ರದಲ್ಲಿ ತನ್ನ ಮಗುವಿನ ದನಿ ಕೇಳಿಸಿಕೊಳ್ಳುತ್ತಿದ್ದಾನೆ. ಮಗು ರಾಜ್ಯಗಳ ರಾಜಧಾನಿಗಳ ಹೆಸರನ್ನು ಒಪ್ಪಿಸುತ್ತಿದೆ. ವಿಲ್ಲಿ ಅದನ್ನು ಹೊಗಳಬೇಕು, ನಗಬೇಕು, ಅದು ಮುಗಿಯುವವರೆಗೆ ಕಾಯಬೇಕು. ಆಮೇಲೆ ಕೇಳುತ್ತಾನೆ: ವಾರಕ್ಕೆ 65 ಡಾಲರ್ ಸಿಕ್ಕರೆ ಸಾಕು. ಸ್ವಲ್ಪ ಹೊತ್ತಿಗೆ 50 ಸಾಕು ಎನ್ನುತ್ತಾನೆ. ಇನ್ನೂ ಸ್ವಲ್ಪ ಹೊತ್ತಿಗೆ 40. ಹೊವಾರ್ಡ್ ಇಲ್ಲ ಅಂದದ್ದಕ್ಕಿಂತ ಈ ಇಳಿಕೆ ನನ್ನನ್ನು ಕೊಲ್ಲುತ್ತದೆ. ಕೆಲಸ ಹೋದ ಯಾವ ಅಪ್ಪನಾದರೂ ಮನೆಯಲ್ಲಿ ಹೇಳದೆ ಬಚ್ಚಿಟ್ಟುಕೊಂಡ ಮಾತು ಅದು.

ಇನ್ನೂ ಒಂದು ದೃಶ್ಯವಿದೆ. ವಿಲ್ಲಿಯ ಪುಟ್ಟ ಮನೆಯ ಸುತ್ತ ದೊಡ್ಡ ದೊಡ್ಡ ಕಟ್ಟಡಗಳು ಎದ್ದಿವೆ. ಹಿತ್ತಿಲಿಗೆ ಬಿಸಿಲು ಬೀಳುವುದಿಲ್ಲ, ಹುಲ್ಲು ಕೂಡ ಬೆಳೆಯುವುದಿಲ್ಲ. ಎಲ್ಲ ಮುಗಿಯುವ ರಾತ್ರಿ ಅವನು ಬೀಜದ ಪೊಟ್ಟಣ ತಂದು, ಟಾರ್ಚ್ ಹಿಡಿದು, ಕತ್ತಲಲ್ಲಿ ಆ ನೆಲ ಅಗೆದು ಬಿತ್ತುತ್ತಾನೆ. ಲಾಲ್‌ಬಾಗ್, ಪರೇಲಿನ ಚಾಳುಗಳ ಗ್ಯಾಲರಿಯಲ್ಲಿ ನಿಂತು ಮೇಲೆ ನೋಡಿ. ಮಿಲ್ಲುಗಳಿದ್ದ ಜಾಗದಲ್ಲಿ ಎದ್ದ ಟವರುಗಳ ನೆರಳು ಮಧ್ಯಾಹ್ನ ಮೂರಕ್ಕೇ ಅಂಗಳದ ಮೇಲೆ ಬೀಳುತ್ತದೆ. ಡಬ್ಬಿಯಲ್ಲಿ ನೆಟ್ಟ ಕರಿಬೇವು ಬಿಸಿಲಿಲ್ಲದೆ ಸೊರಗುವುದನ್ನು ಕಂಡವರಿಗೆ ಆ ದೃಶ್ಯವನ್ನು ಮತ್ತೊಬ್ಬರು ವಿವರಿಸಬೇಕಾಗಿಲ್ಲ.

ಈ ನಾಟಕ ಓದಿದ ಮೇಲೆ, ಅಥವಾ ಮೊದಲೇ, ಯಶವಂತ ಚಿತ್ತಾಲರ ‘ಶಿಕಾರಿ’ಯನ್ನು ಓದಿ. 1979ರ ಕಾದಂಬರಿ. ಅದರ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿರುವವನು. ಆರೋಪವೇನೆಂದು ಸರಿಯಾಗಿ ತಿಳಿಯುವ ಮೊದಲೇ ಕಂಪನಿ ಅವನನ್ನು ಬದಿಗೆ ಸರಿಸುತ್ತದೆ. ವಿಲ್ಲಿಯನ್ನು ಹಿಂಡಿ ಬಿಸಾಡುತ್ತಾರೆ, ನಾಗಪ್ಪನನ್ನು ಬೇಟೆಯಾಡುತ್ತಾರೆ. ಎರಡನ್ನೂ ಓದಿದವರಿಗೆ ಈ ವ್ಯತ್ಯಾಸದಲ್ಲೇ ಒಂದು ಒಳ್ಳೆಯ ಪ್ರಬಂಧದ ವಸ್ತು ಸಿಗುತ್ತದೆ. ನನ್ನ ಮೂವತ್ತೊಂದು ವರ್ಷಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಅದನ್ನು ಬರೆಯಲಿಲ್ಲ. ಬರೆಯಬಹುದು ಎಂದು ನಾನು ಹೇಳಲೂ ಇಲ್ಲ, ಆ ನೋವು ನನಗಿದೆ.

ಚಿತ್ತಾಲರು ಕುಮಟಾ ತಾಲ್ಲೂಕಿನ ಹನೇಹಳ್ಳಿಯವರು, ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟಿನಲ್ಲಿ ಓದಿ ಬಂದ ಕೆಮಿಕಲ್ ಎಂಜಿನಿಯರ್. ಬಾಂದ್ರಾದ ಸಮುದ್ರದ ಎದುರಿನ ಮನೆಯಲ್ಲಿ ಕೂತು ಜೀವನವಿಡೀ ಹನೇಹಳ್ಳಿಯನ್ನು ಬರೆದರು. ವಿಲಿಯಂ ಫಾಕ್ನರ್ ತನ್ನ ಮಿಸಿಸಿಪ್ಪಿಯ ಮೂಲೆಯೊಂದನ್ನು ಹೆಸರು ಬದಲಿಸಿ ಕಾದಂಬರಿಯಿಂದ ಕಾದಂಬರಿಗೆ ಬರೆಯುತ್ತ ಹೋದದ್ದು ನಿಮಗೆ ಗೊತ್ತು. ಆ ಕಷ್ಟದ ಹೆಸರಿನ ಕೌಂಟಿಯನ್ನು ನೀವು ಬಾಯಿಪಾಠ ಮಾಡುತ್ತೀರಿ, ಹನೇಹಳ್ಳಿಯ ಹೆಸರನ್ನು ಕೇಳಿರುವುದಿಲ್ಲ.

ನ್ಯೂಜೆರ್ಸಿ ಅಂದಾಗ ಇನ್ನೊಬ್ಬ ನೆನಪಾಗುತ್ತಾನೆ. ಅಲ್ಲಿನ ರದರ್‌ಫರ್ಡ್ ಎಂಬ ಊರಲ್ಲಿ ವಿಲಿಯಂ ಕಾರ್ಲೋಸ್ ವಿಲಿಯಮ್ಸ್ ವೈದ್ಯನಾಗಿದ್ದ. ಸಾವಿರಾರು ಹೆರಿಗೆ ಮಾಡಿಸಿದ, ರೋಗಿಗಳ ನಡುವಿನ ಬಿಡುವಿನಲ್ಲಿ ಔಷಧ ಚೀಟಿಯ ಮೇಲೆ ಕವಿತೆ ಬರೆದ. ಕೆಂಪು ಕೈಗಾಡಿಯ ಮೇಲಿನ ಅವನ ಪ್ರಸಿದ್ಧ ಕವಿತೆಯಲ್ಲಿ ಒಟ್ಟು ಇರುವುದು ಹದಿನಾರೇ ಪದ. ವಾಲೇಸ್ ಸ್ಟೀವನ್ಸ್ ಹಾರ್ಟ್‌ಫರ್ಡಿನ ವಿಮಾ ಕಂಪನಿಯ ಉಪಾಧ್ಯಕ್ಷ, ಆಫೀಸಿಗೆ ನಡೆದು ಹೋಗುವಾಗ ತಲೆಯಲ್ಲೇ ಕವಿತೆ ಕಟ್ಟುತ್ತಿದ್ದ. ಫಾಕ್ನರ್ ‘ಆ್ಯಸ್ ಐ ಲೇ ಡೈಯಿಂಗ್’ ಕಾದಂಬರಿಯನ್ನು ಬರೆದದ್ದು ವಿದ್ಯುತ್ ಸ್ಥಾವರದ ರಾತ್ರಿ ಪಾಳಿಯಲ್ಲಿ, ತಾನೇ ಹೇಳಿಕೊಂಡಂತೆ ಕಲ್ಲಿದ್ದಲಿನ ಕೈಗಾಡಿಯನ್ನು ಬೋರಲು ಹಾಕಿ ಮೇಜು ಮಾಡಿಕೊಂಡು, ಆರೇ ವಾರಗಳಲ್ಲಿ. ನಮ್ಮ ಮುಂಬಯಿಯ ಕನ್ನಡ ಸಾಹಿತ್ಯ ಹುಟ್ಟಿದ್ದೂ ಹೀಗೆಯೇ. ಚಿತ್ತಾಲರಿಗೆ ಪ್ರಯೋಗಾಲಯವಿತ್ತು, ಬಿ.ಎ. ಸನದಿಯವರಿಗೆ ಬೆಸ್ಟ್ ಸಂಸ್ಥೆಯ ನೌಕರಿ, ಜಯಂತ ಕಾಯ್ಕಿಣಿಯವರಿಗೆ ಔಷಧ ಕಂಪನಿಯ ಕೆಲಸ. ದುಡಿದು ದಣಿದ ಊರಿನ ಬರವಣಿಗೆಯನ್ನು ದುಡಿದು ದಣಿದ ಊರಿನವರು ಓದುತ್ತಿದ್ದೀರಿ. ಪರಕೀಯ ಅನ್ನಿಸಬೇಕಾಗಿಲ್ಲ.

ಈಗ ನನಗೆ ತುಂಬ ಹತ್ತಿರದ ವಿಷಯಕ್ಕೆ ಬರುತ್ತೇನೆ.

ನನ್ನ ಅಪ್ಪ ಕುಂದಾಪುರದ ಕಡೆಯಿಂದ ಹದಿಮೂರನೆಯ ವಯಸ್ಸಿಗೆ ಬಂದು ಮಾಟುಂಗಾದ ಹೋಟೆಲಿನಲ್ಲಿ ಎಂಜಲು ತಟ್ಟೆ ಎತ್ತಿದವರು. ರಾತ್ರಿ ಶಾಲೆಯಲ್ಲಿ ಕಲಿತು, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರು. ಮೊಗವೀರರ ಮಂಡಳಿಯ ರಾತ್ರಿ ಶಾಲೆಯಂಥವು ಈ ನಗರದಲ್ಲಿ ಎಷ್ಟು ಹೋಟೆಲ್ ಹುಡುಗರ ಕೈಗೆ ಅಕ್ಷರ ಕೊಟ್ಟವು ಎನ್ನುವುದನ್ನು ನಿಮ್ಮ ಮನೆಯ ಹಿರಿಯರನ್ನೇ ಕೇಳಿ. 1925ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಹೋಟೆಲೊಂದರಲ್ಲಿ ಲ್ಯಾಂಗ್‌ಸ್ಟನ್ ಹ್ಯೂಸ್ ಎಂಬ ಕಪ್ಪು ಹುಡುಗ ಇದೇ ತಟ್ಟೆ ಎತ್ತುವ ಕೆಲಸದಲ್ಲಿದ್ದ. ವೇಚಲ್ ಲಿಂಡ್ಸೆ ಎಂಬ ಹೆಸರಾಂತ ಕವಿ ಊಟಕ್ಕೆ ಬಂದಾಗ ತನ್ನ ಮೂರು ಕವಿತೆಗಳನ್ನು ಅವನ ತಟ್ಟೆಯ ಪಕ್ಕ ಇಟ್ಟು ಮಾತಾಡದೆ ಹೋದ. ಲಿಂಡ್ಸೆ ಆ ರಾತ್ರಿ ತನ್ನ ಸಭೆಯಲ್ಲಿ ಅವನ್ನು ಓದಿ ಹೇಳಿದ. ಮರುದಿನ ಪತ್ರಿಕೆಯವರು ಹೋಟೆಲಿಗೆ ಬಂದರು. ಈ ಸಂಗತಿಯನ್ನು ಅಪ್ಪನಿಗೆ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, ಆ ಹುಡುಗನಿಗೆ ಆ ದಿನ ಯಜಮಾನ ಬೈಯಲಿಲ್ಲವೇ ಎಂದು ಕೇಳಿದರು. ಹ್ಯೂಸ್ ಕವಿತೆಗಳ ಒಳಗೆಲ್ಲ ಇರುವುದು ಆ ಭಯವೇ, ಅದನ್ನು ದಾಟಿದ ಧೈರ್ಯವೇ. ಅಪ್ಪ ಒಂದೇ ಪ್ರಶ್ನೆಯಲ್ಲಿ ಅಲ್ಲಿಗೆ ತಲುಪಿದ್ದರು.

ಹ್ಯೂಸ್ 1951ರಲ್ಲಿ ಹಾರ್ಲೆಮಿನ ಮೇಲೆ ಬರೆದ ಒಂದು ಕವಿತೆಯಿಂದ ತನ್ನ ನಾಟಕಕ್ಕೆ ಹೆಸರು ಪಡೆದವಳು ಲೊರೇನ್ ಹ್ಯಾನ್ಸ್‌ಬೆರಿ. ‘ಎ ರೇಸಿನ್ ಇನ್ ದ ಸನ್’ 1959ರ ಮಾರ್ಚಿನಲ್ಲಿ ರಂಗಕ್ಕೆ ಬಂದಾಗ ಆಕೆಗೆ ಇಪ್ಪತ್ತೆಂಟು ವರ್ಷ. ಕಪ್ಪು ಹೆಣ್ಣೊಬ್ಬಳ ನಾಟಕ ಬ್ರಾಡ್‌ವೇಯನ್ನು ಕಂಡದ್ದು ಅದೇ ಮೊದಲು. ನಿಮಗೆ ಒಂದೇ ಒಂದು ಪುಸ್ತಕ ಓದಲು ಸಮಯವಿದ್ದರೆ ಇದನ್ನೇ ಓದಿ ಎನ್ನುತ್ತೇನೆ. ಓ’ನೀಲ್ ದೊಡ್ಡವನು, ಟೆನೆಸಿ ವಿಲಿಯಮ್ಸ್ ಮಾತಿನ ಮೋಡಿಗಾರ, ಒಪ್ಪುತ್ತೇನೆ. ಆದರೆ ಮುಂಬಯಿಯಲ್ಲಿ ಹುಟ್ಟಿದವರಿಗೆ ಮೊದಲು ಓದಬೇಕಾದವಳು ಈಕೆಯೇ.

ನಾಟಕ ಶುರುವಾಗುವುದು ಗಡಿಯಾರದ ಗಂಟೆಯಿಂದ. ಚಿಕಾಗೋದ ದಕ್ಷಿಣ ಭಾಗದ ಇಕ್ಕಟ್ಟಾದ ಮನೆಯಲ್ಲಿ ಐದು ಜನ. ಮೊಮ್ಮಗ ಮಲಗುವುದು ಹೊರಗಿನ ಕೋಣೆಯ ಸೋಫಾದ ಮೇಲೆ. ಬಚ್ಚಲು ಮನೆ ಹೊರಗೆ, ಪಕ್ಕದ ಮನೆಯವರ ಜೊತೆ ಹಂಚಿಕೊಂಡದ್ದು, ಅವರು ಹೋಗುವ ಮೊದಲೇ ಓಡಬೇಕು. ಹುಡುಗ ಸ್ಕೂಲಿಗೆ ಐವತ್ತು ಸೆಂಟ್ ಕೇಳುತ್ತಾನೆ, ತಾಯಿ ಇಲ್ಲ ಅನ್ನುತ್ತಾಳೆ. ತಂದೆ ಗತ್ತಿನಿಂದ ಐವತ್ತು ಕೊಟ್ಟು, ಮೇಲೆ ಇನ್ನೂ ಐವತ್ತು ಕೊಡುತ್ತಾನೆ. ಮಗ ಹೋದ ಮೇಲೆ ಅದೇ ತಂದೆ ಕೆಲಸಕ್ಕೆ ಹೋಗಲು ಬಸ್ಸಿನ ದುಡ್ಡಿಲ್ಲದೆ ಹೆಂಡತಿಯ ಮುಂದೆ ಬಂದು ನಿಲ್ಲುತ್ತಾನೆ. ಭಾಂಡುಪಿನ ನಮ್ಮ ಖೋಲಿ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ನಾವು ಆರು ಜನ. ಸಂಡಾಸಿನ ಸಾಲಿನಲ್ಲಿ ನಿಂತು ಶಾಲೆಗೆ ತಡವಾದ ಬೆಳಿಗ್ಗೆಗಳು, ಪಿಕ್‌ನಿಕ್ಕಿಗೆಂದು ಅಪ್ಪ ಕೊಟ್ಟ ಐದು ರೂಪಾಯಿ, ಆಮೇಲೆ ಅಮ್ಮನ ಅಕ್ಕಿ ಡಬ್ಬಿಯೊಳಗಿಂದ ಹೊರಬಂದ ಅವರ ರೈಲ್ವೆ ಪಾಸಿನ ದುಡ್ಡು, ಎಲ್ಲ ಆ ನಾಟಕದಲ್ಲಿತ್ತು.

ಆದರೂ ಎಂ.ಎ. ಓದುವಾಗ ನಾನು ಆ ನಾಟಕವನ್ನು ಪೂರ್ತಿ ಓದಿರಲಿಲ್ಲ. ನಿಮ್ಮಂತೆಯೇ ನೋಟ್ಸ್ ಇತ್ತು. ಕನ್ನಡ ಮೀಡಿಯಮ್ಮಿನ ಮುನ್ಸಿಪಾಲಿಟಿ ಶಾಲೆಯಿಂದ ಬಂದವಳು ನಾನು. ಇಂಥವರಿಗೆ ಅಮೆರಿಕನ್ ಸಾಹಿತ್ಯ ಆಗಿಬರುವುದಿಲ್ಲ, ಬೇರೆ ಪೇಪರ್ ತೆಗೆದುಕೋ ಎಂದು ಅಧ್ಯಾಪಕರೊಬ್ಬರು ಕ್ಲಾಸಿನೆದುರೇ ಹೇಳಿದ್ದರು. ಆ ಮಾತಿಗೆ ಹೆದರಿ ನೋಟ್ಸನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಒಂದು ಸಂಜೆ ಅಮ್ಮ ಬಸಳೆ ಸೋಸುತ್ತಾ ಕೂತಿದ್ದಾಗ, ಪರೀಕ್ಷೆಗೆ ನೆನಪಿರಲಿ ಎಂದು ಕತೆಯನ್ನು ಅವರಿಗೆ ಹೇಳತೊಡಗಿದೆ. ಸತ್ತ ಗಂಡನ ವಿಮೆಯ ಹತ್ತು ಸಾವಿರ ಡಾಲರ್ ಬರುತ್ತದೆ. ಮುದುಕಿ ಲೀನಾ ಅದರಲ್ಲಿ ಸ್ವಲ್ಪ ಮುಂಗಡ ಕೊಟ್ಟು ಮನೆ ಕೊಳ್ಳುತ್ತಾಳೆ. ಉಳಿದದ್ದನ್ನು ಮಗ ಕಳೆದುಕೊಳ್ಳುತ್ತಾನೆ. ಕೊಂಡ ಮನೆ ಬಿಳಿಯರ ಬಡಾವಣೆಯಲ್ಲಿ. ಅಲ್ಲಿಂದ ಒಬ್ಬ ಬಂದು ಬಹಳ ಮರ್ಯಾದೆಯಿಂದ ಮಾತಾಡಿ, ದುಡ್ಡು ಹೆಚ್ಚು ಕೊಡುತ್ತೇವೆ, ನೀವು ಬರಬೇಡಿ ಅನ್ನುತ್ತಾನೆ. ಕಿಟಕಿಯಲ್ಲಿ ಒಂದು ಬಡಕಲು ಗಿಡವಿದೆ, ಮುದುಕಿ ಅದಕ್ಕೆ ದಿನಾ ನೀರು ಹಾಕುತ್ತಾಳೆ, ಅದು ಆಶೆಯ ಸಂಕೇತ. ಇಷ್ಟು ಹೇಳಿ ಮುಗಿಸಿದೆ.

ಅಮ್ಮ ಕೇಳಿದರು: “ಆ ಗಿಡ ಎಂತ ಆಯ್ತ್ ಮಗಾ? ತಕಂಡ್ ಹೋದ್ಲಾ, ಇಲ್ಯಾ?”

ನನಗೆ ಗೊತ್ತಿರಲಿಲ್ಲ. ನೋಟ್ಸಿನಲ್ಲಿ ಸಂಕೇತ ಇತ್ತು, ಗಿಡ ಇರಲಿಲ್ಲ. ಅಮ್ಮನಿಗೆ ಅದು ಗಿಡ. ನಮ್ಮ ಗ್ಯಾಲರಿಯಲ್ಲಿ ಡಾಲ್ಡಾ ಡಬ್ಬಿಯಲ್ಲಿದ್ದ ತುಳಸಿ ಊರಿನಿಂದ ಬಸ್ಸಿನಲ್ಲಿ ಅವರ ಮಡಿಲಲ್ಲಿ ಬಂದದ್ದು. ಮರುದಿನ ನ್ಯೂ ಮರೀನ್ ಲೈನ್ಸಿನ ಅಮೆರಿಕನ್ ಸೆಂಟರ್ ಗ್ರಂಥಾಲಯಕ್ಕೆ ಹೋಗಿ ಪುಸ್ತಕ ತೆಗೆಸಿ ನಿಂತಲ್ಲೇ ಕೊನೆಯ ಪುಟ ತೆರೆದೆ. ಎಲ್ಲರೂ ಸಾಮಾನು ಹೊತ್ತು ಇಳಿದು ಹೋಗಿದ್ದಾರೆ. ಲೀನಾ ಒಬ್ಬಳೇ ಬರಿದಾದ ಕೋಣೆಯಲ್ಲಿ ನಿಂತು ಸುತ್ತ ನೋಡಿ, ಹೊರಗೆ ಹೋಗುತ್ತಾಳೆ. ಆಮೇಲೆ ಬಾಗಿಲು ಮತ್ತೆ ತೆರೆಯುತ್ತದೆ. ವಾಪಸು ಬಂದು ಗಿಡ ಎತ್ತಿಕೊಂಡು ಹೋಗುತ್ತಾಳೆ. ನಾಟಕ ಮುಗಿಯುವುದು ಹಾಗೆ. ಅಲ್ಲಿಂದ ಹಿಂದಕ್ಕೆ, ಮೊದಲ ಪುಟದವರೆಗೆ, ಆ ದಿನವೇ ಓದಿದೆ. ನಾನು ಸಾಹಿತ್ಯದ ವಿದ್ಯಾರ್ಥಿನಿಯಾದದ್ದು ಆ ಮಧ್ಯಾಹ್ನ.

ನಾಟಕದಲ್ಲಿ ನೀವು ಬರಬೇಡಿ ಎಂದ ಆ ಮರ್ಯಾದಸ್ಥ ಮನುಷ್ಯ ಹ್ಯಾನ್ಸ್‌ಬೆರಿಯ ಕಲ್ಪನೆಯಲ್ಲ. ಆಕೆಯ ತಂದೆ 1937ರಲ್ಲಿ ಬಿಳಿಯರ ಕೇರಿಯಲ್ಲಿ ಮನೆ ಕೊಂಡು, ಹೊರಹಾಕಲು ಬಂದವರ ಎದುರು ಸುಪ್ರೀಂ ಕೋರ್ಟಿನವರೆಗೆ ಹೋಗಿ 1940ರಲ್ಲಿ ಗೆದ್ದವರು. ಈ ನಗರದಲ್ಲಿ ಹೆಸರು ಕೇಳಿ, ಊಟ ಕೇಳಿ, ಜಾತಿ ಧರ್ಮ ಕೇಳಿ ಫ್ಲ್ಯಾಟ್ ಇಲ್ಲವೆಂದದ್ದನ್ನು ನಿಮ್ಮಲ್ಲಿ ಕೆಲವರು ಕಂಡಿದ್ದೀರಿ, ಕೆಲವರು ಅನುಭವಿಸಿದ್ದೀರಿ. 1972ರಲ್ಲಿ ಇಲ್ಲಿಯೇ ನಾಮದೇವ ಢಸಾಳ್, ಜೆ.ವಿ. ಪವಾರ್ ಮತ್ತವರ ಗೆಳೆಯರು ದಲಿತ ಪ್ಯಾಂಥರ್ ಕಟ್ಟಿದಾಗ ಹೆಸರನ್ನು ಅಮೆರಿಕದ ಬ್ಲ್ಯಾಕ್ ಪ್ಯಾಂಥರರಿಂದ ತೆಗೆದುಕೊಂಡರು. ಅಲ್ಲಿನ ಬೆಂಕಿ ಇಲ್ಲಿನ ಒಲೆಗೆ ಬಂದಿತ್ತು. ರಿಚರ್ಡ್ ರೈಟ್, ಟೋನಿ ಮಾರಿಸನ್ ಅವರನ್ನು ಓದುವಾಗ ಪಕ್ಕದಲ್ಲಿ ಢಸಾಳರ ‘ಗೋಲಪೀಠಾ’ ಇರಲಿ. ನಿಮಗೆ ಮರಾಠಿ ಬರುತ್ತದೆ. ಅದೊಂದು ಭಾಗ್ಯ.

ಅದೇ ದಕ್ಷಿಣ ಚಿಕಾಗೋದ ವಿಶ್ವವಿದ್ಯಾಲಯಕ್ಕೆ, ಆ ನಾಟಕ ಬಂದ ಮೂರು ವರ್ಷಕ್ಕೆ, ನಮ್ಮ ಎ.ಕೆ. ರಾಮಾನುಜನ್ ಪಾಠ ಮಾಡಲು ಹೋದರು. ಅಲ್ಲಿ ಕೂತು ವಚನಗಳನ್ನು ಇಂಗ್ಲಿಷಿಗೆ ತಂದರು. 1973ರಲ್ಲಿ ಪುಸ್ತಕವಾದ ಮೇಲೆ ಬಸವಣ್ಣ, ಅಕ್ಕ, ಅಲ್ಲಮರನ್ನು ಅಮೆರಿಕದ ಕವಿಗಳು ಓದಿದರು. ಹೋಗುವ ದಾರಿಯಷ್ಟೇ ಅಲ್ಲ, ಬರುವ ದಾರಿಯೂ ಇದೆ, ಮತ್ತು ಎರಡೂ ಕಡೆ ಕನ್ನಡಿಗರ ಹೆಜ್ಜೆ ಗುರುತುಗಳಿವೆ ಎಂದು ಹೇಳಲು ಇದನ್ನು ಬರೆದೆ.

ಕವಿತೆಯ ಬಗ್ಗೆ ಒಂದು ಸಲಹೆ. ಎಲಿಯಟ್ಟನಿಂದ ಶುರು ಮಾಡಬೇಡಿ. ‘ದ ವೇಸ್ಟ್ ಲ್ಯಾಂಡ್’ ಕೊನೆಯಲ್ಲಿ ಬೃಹದಾರಣ್ಯಕ ಉಪನಿಷತ್ತು ಬರುತ್ತದೆ ಎಂದು ಹಿಗ್ಗಿ ಅಲ್ಲಿಗೇ ನಿಲ್ಲುವವರನ್ನು ಬಹಳ ಕಂಡಿದ್ದೇನೆ. ಫ್ರಾಸ್ಟನ ‘ಹೋಮ್ ಬರಿಯಲ್’ನಿಂದ ಶುರು ಮಾಡಿ. ಮಗು ಸತ್ತಿದೆ. ಗಂಡ ತಾನೇ ಗುಂಡಿ ತೋಡಿದ್ದಾನೆ. ಹೆಂಡತಿ ಮಹಡಿ ಮೆಟ್ಟಿಲ ಕಿಟಕಿಯಿಂದ ಅದನ್ನು ನೋಡಿದ್ದಾಳೆ. ಮಣ್ಣು ಮೆತ್ತಿದ ಬೂಟಿನಲ್ಲಿ ಒಳಬಂದವನು ಬೇಲಿ ಎಷ್ಟು ಬೇಗ ಕೊಳೆಯುತ್ತದೆ ಎಂದು ಮಾತಾಡಿದ್ದನ್ನು ಅವಳು ಕ್ಷಮಿಸಲಾರಳು. ಅವನ ದುಃಖ ಹೊರಬರುವುದೇ ಹಾಗೆ ಎಂದು ಅವಳಿಗೆ ತಿಳಿಯುವುದಿಲ್ಲ, ತಿಳಿಸಲು ಅವನಿಗೆ ಬರುವುದಿಲ್ಲ. ಫ್ರಾಸ್ಟನ ಮೊದಲ ಮಗ ನಾಲ್ಕು ತುಂಬುವ ಮೊದಲೇ ತೀರಿಕೊಂಡಿದ್ದ. ಜೋರಾಗಿ ಓದಿ, ಇಬ್ಬರು ಓದಿ. ಅದು ಕವಿತೆಯಾಗಿರುವಷ್ಟೇ ನಾಟಕವೂ ಹೌದು.

ಸ್ಟೈನ್‌ಬೆಕ್ ಬಗ್ಗೆ ಒಂದೇ ಮಾತು: ‘ದ ಗ್ರೇಪ್ಸ್ ಆಫ್ ರ್‍ಯಾತ್’ ಓದುವ ಮುಂಚೆ, 1982ರ ಜನವರಿ 18ರಂದು ಶುರುವಾಗಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರನ್ನು ಬೀದಿಗೆ ತಂದ ಈ ನಗರದ ಮಿಲ್ ಮುಷ್ಕರವನ್ನು ಕಂಡ ಒಬ್ಬರ ಜೊತೆ ಅರ್ಧ ಗಂಟೆ ಕೂತು ಬನ್ನಿ. ಇನ್ನೂ ಇದ್ದಾರೆ, ಬಹಳ ಕಾಲ ಇರುವುದಿಲ್ಲ.

ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಎಂಬ ಅಂಜಿಕೆ ನಿಮ್ಮಲ್ಲಿ ಹಲವರಿಗೆ ಇದೆ. 1972ರಿಂದ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅಮೆರಿಕನ್ ಸಾಹಿತ್ಯ ಕಲಿಸಿದ ನಿಸಿಮ್ ಎಝೆಕಿಯಲ್ ಮರಾಠಿ ಮಾತಾಡುವ ಬೆನೆ ಇಸ್ರೇಲಿ ಸಮುದಾಯದ ಕವಿ, ಈ ನಗರದ ಬೀದಿ ಇಂಗ್ಲಿಷನ್ನೇ ಕವಿತೆಗೆ ತಂದವರು. ಹಲವು ಭಾಷೆಗಳ ನಡುವೆ ಬೆಳೆದ ಕಿವಿ ಸಾಹಿತ್ಯಕ್ಕೆ ಅಡ್ಡಿಯಲ್ಲ. ನಿಮ್ಮ ಅಜ್ಜಿಯ ಮಾತಿನ ಏರಿಳಿತ ಗೊತ್ತಿದ್ದವರಿಗೆ ಫಾಕ್ನರನ ಹಳ್ಳಿಗರ ಇಂಗ್ಲಿಷ್, ಹ್ಯೂಸನ ಹಾರ್ಲೆಮಿನ ಇಂಗ್ಲಿಷ್ ವ್ಯಾಕರಣ ಪುಸ್ತಕ ಓದಿದವರಿಗಿಂತ ಬೇಗ ಒಲಿಯುತ್ತದೆ. ಕಲಿಸಿ ನೋಡಿದ್ದೇನೆ.

ಮಕ್ಕಳೇ, ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಈ ಭಾನುವಾರ ನಿಮ್ಮ ಪಠ್ಯದ ಒಂದು ನಾಟಕ ಅಥವಾ ಕತೆಯನ್ನು ಮೂಲದಲ್ಲೇ ಪೂರ್ತಿ ಓದಿ. ಓದಿದ್ದನ್ನು ಅಡುಗೆಮನೆಯಲ್ಲಿ ಕೂತು ಅಮ್ಮನಿಗೋ ಅಜ್ಜನಿಗೋ ಮನೆಯ ಮಾತಿನಲ್ಲಿ ಹೇಳಿ. ಸಂಕೇತ, ವಸ್ತು, ತಂತ್ರ ಯಾವುದೂ ಬೇಡ, ನಡೆದದ್ದನ್ನಷ್ಟೇ ಹೇಳಿ. ಅವರು ಮೊದಲು ಕೇಳುವ ಪ್ರಶ್ನೆಯನ್ನು ಪುಸ್ತಕದ ಅಂಚಿನಲ್ಲಿ 
ಪೆನ್ಸಿಲಿನಿಂದ ಬರೆದಿಟ್ಟುಕೊಂಡು, ಉತ್ತರ ಸಿಗುವವರೆಗೆ ಆ ಪುಸ್ತಕವನ್ನು ಕೆಳಗಿಡಬೇಡಿ.

ಇತಿ,
ನಿಮ್ಮ ಹಳೆಯ ಟೀಚರ್